ರೂಮು ಸಿಕ್ಕವರು ಬರೆದ ಮೈಸೂರು

"ಓದ್ದೆ ಕಣಣ್ಣ. ಚೆನ್ನಾಗವೆ. ಆದ್ರೆ ಇದ್ರಲ್ಲಿ ನಾನು ಎಲ್ಲಿರ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ."

ಚಿಕ್ಕಪ್ಪನ ಮಗಳು ಹೀಗಂದು ಮೂರು ಪುಸ್ತಕ ತಂದು ಜಗಲಿ ಮೇಲಿಟ್ಟಳು. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ', ಭೈರಪ್ಪನವರ 'ಭಿತ್ತಿ', ಸಿದ್ಧಲಿಂಗಯ್ಯನವರ 'ಊರುಕೇರಿ'. ಕೊಟ್ಟವನು ನಾನೇ. ಸುಮ್ಮನೆ ಕೊಟ್ಟಿರಲಿಲ್ಲ, ಒಂದು ಲೆಕ್ಕಾಚಾರ ಇತ್ತು. ಅವಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕು ತೂಬಗೆರೆ ಹೋಬಳಿ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಡೆದು ಹೋಗುವಷ್ಟು ಹತ್ತಿರ. ಬೆಳಗ್ಗೆ ಬಸ್ಸು ಹತ್ತಿ ದೊಡ್ಡಬಳ್ಳಾಪುರಕ್ಕೋ ಯಲಹಂಕಕ್ಕೋ ಹೋಗಿ, ದೀಪ ಹಚ್ಚೋ ಹೊತ್ತಿಗೆ ಮನೆ ಸೇರುವಂಥ ಓದಿಗೆ ನಮ್ಮ ಕಡೆ ಈಗ ಯಾರದೂ ತಕರಾರಿಲ್ಲ, ಹೆಣ್ಣುಮಕ್ಕಳದ್ದಾದರೂ ಸರಿ. ಮೈಸೂರು ಅಂದರೆ ಅಲ್ಲೇ ಇರಬೇಕು. ಚಿಕ್ಕಪ್ಪ ನನ್ನ ಮುಖ ನೋಡಿ, "ಓದ್ಬ್ಯಾಡ ಅಂತ ನಾನೆಲ್ಲಂದೆ ಕಣಪ್ಪ? ಇರೋದೆಲ್ಲಿ ಅಂತ ಕೇಳ್ತಾ ಇವ್ನಿ" ಅಂದಿದ್ದರು.

ನಾನು ಮೈಸೂರಿನಲ್ಲಿ ಬಿ.ಇ. ಓದಿದವನು. ನಾಲ್ಕು ವರ್ಷ ಅಲ್ಲಿದ್ದೆ. ಮೈಸೂರು ಅಂದರೆ ಈಗಲೂ ಧ್ವನಿ ಮೆತ್ತಗಾಗುತ್ತೆ. ಹಾಗಾಗಿ ಚಿಕ್ಕಪ್ಪನ ಮುಂದೆ ವಾದ ಮಾಡೋ ಬದಲು ಮಗಳ ಕೈಗೆ ಪುಸ್ತಕ ಕೊಟ್ಟರೆ, ಅವಳೇ ಓದಿ, ಅವಳೇ ಹಟ ಹಿಡಿದು ಗೆಲ್ಲುತ್ತಾಳೆ ಅಂದುಕೊಂಡಿದ್ದೆ. ಆಫೀಸಿನಲ್ಲಿ ಹೀಗೆ ಡಾಕ್ಯುಮೆಂಟೇಶನ್ ಲಿಂಕ್ ಕಳಿಸಿ ಜವಾಬ್ದಾರಿ ತಪ್ಪಿಸಿಕೊಂಡು ಅಭ್ಯಾಸ. ಅವಳು ಮಾತ್ರ ನಿಜವಾಗಿಯೂ ಓದಿಬಿಟ್ಟಳು. ಓದಿ, ಮೇಲಿನ ಪ್ರಶ್ನೆ ಕೇಳಿದಳು. ಅದಾದ ಮೇಲೆ ಮೂರನ್ನೂ ನಾನು ಇನ್ನೊಂದು ಸಲ ಓದಬೇಕಾಯಿತು. ಈ ಸಲ ರೂಮು ಹುಡುಕುವವನ ಹಾಗೆ ಓದಿದೆ: ಇವರು ಎಲ್ಲಿ ಮಲಗಿದರು, ಊಟ ಯಾರು ಹಾಕಿದರು, ಬಾಗಿಲು ಯಾರು ತೆಗೆದರು, ತೆಗೆಯುವ ಮುಂಚೆ ಏನು ಕೇಳಿದರು.

ನಮ್ಮಲ್ಲಿ 'ವಿಶ್ವವಿದ್ಯಾಲಯದ ಊರು' ಅಂತ ಕರೆಸಿಕೊಳ್ಳುವ ಅರ್ಹತೆ ಇರೋದು ಎರಡಕ್ಕೆ, ಮೈಸೂರು ಮತ್ತು ಧಾರವಾಡ. ಬೆಂಗಳೂರಲ್ಲಿ ಎಷ್ಟು ವಿಶ್ವವಿದ್ಯಾಲಯಗಳಿದ್ದರೂ ಅದು ವಿಶ್ವವಿದ್ಯಾಲಯದ ಊರಲ್ಲ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ, ಬ್ರಿಟಿಷರ ನೇರ ಆಡಳಿತದ ಹೊರಗೆ ನಮ್ಮ ದೇಶದಲ್ಲಿ ಹುಟ್ಟಿದ ಮೊದಲನೆಯದು. ಅದಕ್ಕೂ ಮೊದಲೇ ಆ ಊರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಕೂತು ಆರ್. ಶಾಮಶಾಸ್ತ್ರಿಗಳು ತಾಳೆಗರಿಯಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದರು. ಮಹಾರಾಜ ಕಾಲೇಜು, ಕ್ರಾಫರ್ಡ್ ಹಾಲ್, ಕುಕ್ಕರಹಳ್ಳಿ ಕೆರೆ ಇವೆಲ್ಲ ನಿಮಗೆ ಗೊತ್ತಿರೋದೇ. ಅಲ್ಲಿ ಓದಿದವರೆಲ್ಲ ನಂತರ ಆತ್ಮಕಥೆ ಬರೆದರು. ಬರೆಯದವರು ನೆನಪಿನ ಸಂಚಿಕೆಗೆ ಲೇಖನ ಕೊಟ್ಟರು. ಅದೂ ಆಗದವರು ನನ್ನ ಥರ ಬ್ಲಾಗ್ ಬರೆದರು. ಇದೊಂದು ಸಾಹಿತ್ಯ ಪ್ರಕಾರವೇ ಆಗಿಹೋಗಿದೆ. ಅದರ ಸಾಮಾನು ಸರಂಜಾಮು ಕೂಡ ಹೆಚ್ಚೂಕಡಿಮೆ ಅದೇ: ಒಬ್ಬ ಮಹಾನುಭಾವ ಮೇಷ್ಟ್ರು, ಒಂದು ಹೋಟೆಲಿನ ದೋಸೆ, ಕೆರೆ ಏರಿ ಮೇಲೆ ವಾಕಿಂಗ್, ಮತ್ತೆ ಒಂದು ರೂಮು. ಆ ರೂಮಿಗೆ ಕಿಟಕಿ ಇದ್ದೇ ಇರುತ್ತೆ. ಕಿಟಕಿಯಿಂದ ಚಾಮುಂಡಿ ಬೆಟ್ಟ ಕಂಡೇ ಕಾಣುತ್ತೆ.

'ನೆನಪಿನ ದೋಣಿಯಲ್ಲಿ' ಈ ಪ್ರಕಾರದ ದೊಡ್ಡಣ್ಣ. ತುಂಬ ದಪ್ಪ ಪುಸ್ತಕ. ದಿನಚರಿಯ ಭಾಗಗಳಲ್ಲಿ ಮೊದಲ ಸಲ ಓದುವಾಗ ನಾನೂ ಪುಟ ಹಾರಿಸಿದ್ದೆ, ಸುಳ್ಳು ಹೇಳಲ್ಲ. ಮಲೆನಾಡಿನ ಹುಡುಗ ಹೈಸ್ಕೂಲಿಗೆ ಅಂತ ಮೈಸೂರಿಗೆ ಬರುತ್ತಾನೆ. ಸಂತೇಪೇಟೆಯ ಆನಂದಮಂದಿರದ ರೂಮಿನಲ್ಲಿ ಇರುತ್ತಾನೆ. ಕಾಯಿಲೆ ಬೀಳುತ್ತಾನೆ. ಸ್ವಾಮಿ ಸಿದ್ದೇಶ್ವರಾನಂದರು ಅವನನ್ನು ರಾಮಕೃಷ್ಣಾಶ್ರಮಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಂದ ಮುಂದೆ ಸುಮಾರು ಹತ್ತು ವರ್ಷ, ಅಂದರೆ ಎಂ.ಎ. ಮುಗಿಸಿ, ಮಹಾರಾಜ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಸ್ವಂತ ಮನೆ ಹೂಡುವ ಕಾಲದವರೆಗೆ, ಆಶ್ರಮವೇ ಮನೆ. ಈ ಪುಸ್ತಕದಲ್ಲಿ ಮೈಸೂರು ಎಷ್ಟು ಚೆಂದ ಕಾಣುತ್ತೆ ಅಂದ್ರೆ, ಓದಿ ಮುಗಿಸಿದ ಮೇಲೆ ಕುಕ್ಕರಹಳ್ಳಿ ಕೆರೆಯ ಹತ್ತಿರ ಹೋದವರಿಗೆ ಈಗಿನ ಕೆರೆ ಕಾಣೋದೇ ಇಲ್ಲ, ಅವರ ಕೆರೆಯೇ ಕಾಣುತ್ತೆ.

ಎರಡನೇ ಓದಿನಲ್ಲಿ ನನಗೆ ಕಂಡದ್ದು ಬೇರೆ. ಕನ್ನಡದ ಅಷ್ಟು ದೊಡ್ಡ ಕವಿಯ ಮೊದಲ ದಶಕ ನಿಂತಿರೋದು ಒಂದು ರೂಮಿನ ಮೇಲೆ. ಬಾಡಿಗೆಯ ತಲೆಬಿಸಿ ಇಲ್ಲ, ಅಡುಗೆಯ ತಲೆಬಿಸಿ ಇಲ್ಲ, ಬೆಳಗಿನ ಜಾವ ನಿಶ್ಶಬ್ದ, ಹತ್ತಿರದಲ್ಲೇ ಕಾಲೇಜು. ಪುಸ್ತಕ ಇದನ್ನು ಗುರುಕೃಪೆ ಅನ್ನುತ್ತೆ. ಬರೆದವರ ನಂಬಿಕೆ ಅದು, ಅದರ ಮೇಲೆ ನನ್ನ ಜಗಳ ಇಲ್ಲ. ಆದರೆ ಓದುವ ನಾವೂ ಅದನ್ನು ಕೃಪೆ ಅಂತಲೇ ತಗೊಂಡು ಸುಮ್ಮನಾಗಿಬಿಡುತ್ತೇವೆ. ಹತ್ತು ವರ್ಷ ಒಂದು ರೂಮು, ಎರಡು ಹೊತ್ತು ಊಟ ಸಿಕ್ಕಿದ್ದರೆ ಇನ್ನು ಯಾರು ಯಾರು ಏನೇನು ಬರೆಯುತ್ತಿದ್ದರೋ ಅನ್ನುವ ಲೆಕ್ಕಕ್ಕೆ ಕೈ ಹಾಕುವುದೇ ಇಲ್ಲ. ಮುಂದೆ ಅವರೇ ಕುಲಪತಿಯಾಗಿ ಊರಾಚೆ ಒಂದು ಹೊಸ ಕ್ಯಾಂಪಸ್ಸು ಕಟ್ಟಿಸಿ, ಅದಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟರು. ನನ್ನ ತಂಗಿಗೆ ಸೀಟು ಸಿಕ್ಕಿರುವುದು ಅದರಲ್ಲೇ.

ಲೆಕ್ಕದ ವಿಷಯದಲ್ಲಿ 'ಭಿತ್ತಿ' ಹೆಚ್ಚು ಪ್ರಾಮಾಣಿಕ. ಈ ಮಾತು ನಾನು ಹೇಳಿದರೆ ಕೆಲವು ಸ್ನೇಹಿತರಿಗೆ ಸಿಟ್ಟು ಬರುತ್ತೆ, ಬರಲಿ. ಭೈರಪ್ಪನವರ ನಂತರದ ಕಾದಂಬರಿಗಳ ರಾಜಕೀಯ ನನಗೆ ಒಗ್ಗಲ್ಲ. ಆದರೆ ಹಸಿವಿನ ವಿಷಯದಲ್ಲಿ 'ಭಿತ್ತಿ'ಯಷ್ಟು ಒಣಗಿದ ಗದ್ಯ ನಮ್ಮಲ್ಲಿ ಕಡಿಮೆ. ಒಣಗಿದ ಅಂದದ್ದು ಹೊಗಳಿಕೆಗೆ. ವಾರಾನ್ನ, ಭಿಕ್ಷಾನ್ನ, ಅನಾಥಾಲಯದ ಊಟ, ಊದುಬತ್ತಿ ಮಾರಿದ್ದು, ಸಿನಿಮಾದ ಗೇಟು ಕಾದದ್ದು, ಯಾವುದಕ್ಕೂ ಹಿನ್ನೆಲೆ ಸಂಗೀತ ಇಲ್ಲ. ನಿಮ್ಮಲ್ಲಿ ಕೆಲವರಿಗೆ ವಾರಾನ್ನ ಅಂದರೇನು ಅಂತ ಗೊತ್ತಿರಲಿಕ್ಕಿಲ್ಲ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ಉಂಡು ಓದುವುದು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಅವಮಾನ, ಕಾಯುವುದು, ಉಳಿದದ್ದನ್ನು ಬಡಿಸಿಕೊಳ್ಳುವುದು ಎಲ್ಲ ಅದರಲ್ಲಿದೆ.

ಆದರೆ ಆ ಏಳು ಮನೆಯ ಬಾಗಿಲುಗಳು ಎಷ್ಟೇ ಕ್ರೂರವಾಗಿದ್ದರೂ, ಆ ಹುಡುಗನ ಹುಟ್ಟಿನ ಕಾರಣಕ್ಕೆ ತೆರೆಯಬಹುದಾದ ಬಾಗಿಲುಗಳು. ತೂಬಗೆರೆ ಹೋಬಳಿಯ ಒಕ್ಕಲು ಮಗನಿಗೆ ಆ ಏಳು ಮನೆ ಇರಲಿಲ್ಲ. ಅವನ ಪಕ್ಕದ ಕೇರಿಯ ಹುಡುಗನಿಗೆ ಆ ಬೀದಿಯೇ ಇರಲಿಲ್ಲ. ಹಸಿವಿನಲ್ಲಿ ಯಾರದು ದೊಡ್ಡದು ಅಂತ ತೂಗುವುದು ನೀಚ ಕೆಲಸ, ಅದನ್ನು ಮಾಡಲ್ಲ. ಆದರೆ ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು ಅಂತ ಹೇಳಲಿಕ್ಕೆ ಈ ಪುಸ್ತಕವನ್ನು ಎತ್ತಿ ತೋರಿಸುವವರು ಬಾಗಿಲಿನ ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ.

'ಊರುಕೇರಿ' ಮೈಸೂರಿನದ್ದಲ್ಲ, ಬೆಂಗಳೂರಿನದ್ದು. ಆದರೂ ಸೇರಿಸಿ ಕೊಟ್ಟಿದ್ದೆ, ಯಾಕಂದರೆ ಸಿದ್ಧಲಿಂಗಯ್ಯನವರು ಮಾಗಡಿ ತಾಲ್ಲೂಕಿನ ಮಂಚನಬೆಲೆಯವರು. ಮಾಗಡಿ 2007ರವರೆಗೂ ನಮ್ಮ ಜಿಲ್ಲೆಯೇ ಆಗಿತ್ತು. ಇಲ್ಲಿ ರೂಮು ಇಲ್ಲ, ಹಾಸ್ಟೆಲ್ ಇದೆ, ಗೋಪಾಲಪುರದ ಹಾಸ್ಟೆಲ್. ಓದಿಕೊಳ್ಳಲು ನಿಶ್ಶಬ್ದದ ಜಾಗ ಬೇಕೆಂದರೆ ಸ್ಮಶಾನ ಇದೆ. ನಗು ತಡೆಯೋಕಾಗಲ್ಲ, ಓದುತ್ತಾ ಓದುತ್ತಾ ನಕ್ಕಿದ್ದಕ್ಕೆ ನಾಚಿಕೆಯೂ ಆಗುತ್ತೆ. ನನ್ನ ತಂಗಿಗೆ ಮೂರರಲ್ಲಿ ಇಷ್ಟವಾದದ್ದು ಇದೇ. "ಇವ್ರು ಯಾರ್ಗೂ ಬುದ್ಧಿ ಹೇಳಲ್ಲ" ಅಂದಳು. ಇದಕ್ಕಿಂತ ಒಳ್ಳೆ ವಿಮರ್ಶೆ ನನಗೂ ಬರೆಯೋಕೆ ಬರಲ್ಲ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಈ ಪ್ರಕಾರದಲ್ಲಿ ಮಿಕ್ಕವರು 'ನನಗೆ ಅವರು ಆಶ್ರಯ ಕೊಟ್ಟರು' ಅಂತ ಬರೆದರೆ, ಇಲ್ಲಿ ಆಶ್ರಯ ಕೊಟ್ಟದ್ದು ಸರ್ಕಾರದ ಒಂದು ಇಲಾಖೆ. ಅಲ್ಲಿ ಊಟ ಕೆಟ್ಟರೆ ಜಗಳ ಮಾಡಬಹುದು. ಕೃಪೆಯ ಊಟದಲ್ಲಿ ಹುಳ ಸಿಕ್ಕರೆ ಏನು ಮಾಡುತ್ತೀರಿ?

ಇದನ್ನೆಲ್ಲ ಯೋಚಿಸುತ್ತಿದ್ದಾಗಲೇ ಇಟಲಿಯ ಪಾದುವಾದಿಂದ ಹುಡುಗನೊಬ್ಬ ಫೋನ್ ಮಾಡಿದ. ನಮ್ಮ ಟೀಮಿನಲ್ಲಿ ಎರಡು ವರ್ಷ ಇದ್ದು, ಕೆಲಸ ಬಿಟ್ಟು ಮಾಸ್ಟರ್ಸ್ ಮಾಡಲು ಹೋದವನು, ಹೊಸಕೋಟೆ ಕಡೆಯವನು. ಅಲ್ಲಿನ ಪ್ರಾದೇಶಿಕ ಸರ್ಕಾರಗಳು ಮನೆಯ ಆದಾಯ ನೋಡಿ ವಿದ್ಯಾರ್ಥಿವೇತನ ಕೊಡುತ್ತವೆ, ಹೊರದೇಶದವರಿಗೂ. ಅದಕ್ಕಾಗಿ ಅವನು ಅಪ್ಪನ ಆದಾಯ ಪ್ರಮಾಣಪತ್ರ ಹಿಡಿದು ನಾಡಕಚೇರಿ, ತಾಲ್ಲೂಕು ಕಚೇರಿ ಅಂತ ತಿಂಗಳುಗಟ್ಟಲೆ ಸುತ್ತಿ, ಅದನ್ನು ಇಟಾಲಿಯನ್ನಿಗೆ ತರ್ಜುಮೆ ಮಾಡಿಸಿದ್ದ. ಗ್ರಾಮ ಲೆಕ್ಕಿಗರ ಕನ್ನಡ ಇಟಾಲಿಯನ್ನಿನಲ್ಲಿ ಹೇಗೆ ಕೇಳಿಸುತ್ತೋ ಅಂತ ನಾವು ಕ್ಯಾಂಟೀನಿನಲ್ಲಿ ನಗಾಡಿದ್ದೆವು. ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಕಮಾನುಗಳ ಬೀದಿ, ಚರ್ಚಿನ ಗುಮ್ಮಟ, ಕಾಲುವೆಯ ಪಕ್ಕ ಸೈಕಲ್ಲು. ನಾವೆಲ್ಲ ಕರುಬಿದ್ದೂ ಕರುಬಿದ್ದೇ.

"ಚೆನ್ನಾಗಿದೆಯಲ್ಲಪ್ಪ ಊರು" ಅಂದೆ. "ಊರು ಚೆನ್ನಾಗಿದೆ ಸಾರ್. ನಾನು ಊರಲ್ಲಿಲ್ಲ ಅಷ್ಟೇ" ಅಂದ. ಸ್ಕಾಲರ್‌ಶಿಪ್ ಬಂದಿದೆ, ಹಾಸ್ಟೆಲ್ ಬಂದಿಲ್ಲ. ಖಾಸಗಿ ರೂಮಿಗೆ ಫೋನ್ ಮಾಡಿದರೆ ಹೆಸರು ಕೇಳುತ್ತಿದ್ದಂತೆ ರೂಮು ಭರ್ತಿಯಾಗಿರುತ್ತದಂತೆ. ಸುಮಾರು ಮೂವತ್ತು ಕಿಲೋಮೀಟರ್ ದೂರದ ವಿಚೆಂಜಾದಲ್ಲಿ ಮೂರು ಜನ ಸೇರಿ ಒಂದು ಮನೆ ಹಿಡಿದಿದ್ದಾರೆ, ದಿನಾ ರೈಲು. "ಹೊಸಕೋಟೆಯಿಂದ ಕೆ.ಆರ್.ಪುರಕ್ಕೆ ಬಸ್ಸಲ್ಲಿ ನೇತಾಡ್ಕೊಂಡು ಬರ್ತಿದ್ನಲ್ಲ ಸಾರ್, ಅದೇ. ಇಲ್ಲಿ ಕೂರೋಕೆ ಸೀಟ್ ಸಿಗುತ್ತೆ." ಸ್ಟೇಟಸ್ಸಿನ ಫೋಟೋಗಳೆಲ್ಲ ಕ್ಲಾಸು ಮುಗಿದು ರೈಲು ಬರುವವರೆಗಿನ ಮುಕ್ಕಾಲು ಗಂಟೆಯಲ್ಲಿ ತೆಗೆದವು.

ಅವತ್ತು ರಾತ್ರಿ ಪಾದುವಾದ ಬಗ್ಗೆ ಒಂದಷ್ಟು ಓದಿದೆ. ಆ ವಿಶ್ವವಿದ್ಯಾಲಯ 1222ರದ್ದು. ಅದರ ಹಳೇ ಕಟ್ಟಡದ ಹೆಸರು ಪಲಾಝೋ ಬೋ. 'ಬೋ' ಅಂದರೆ ಎತ್ತು. ಆ ಜಾಗದಲ್ಲಿ ಮೊದಲು ಎತ್ತಿನ ಹೆಸರಿನ ಒಂದು ಛತ್ರ ಇತ್ತಂತೆ. ಘಾಟಿ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಿ ಬೆಳೆದ ನನಗೆ ಇದು ಬಹಳ ಖುಷಿ ಕೊಟ್ಟಿತು: ಗೆಲಿಲಿಯೋ ಪಾಠ ಹೇಳಿದ ವಿಶ್ವವಿದ್ಯಾಲಯಕ್ಕೆ ಇರುವುದು ಒಂದು ತಂಗುದಾಣದ ಹೆಸರು. ಗೆಲಿಲಿಯೋ ಅಲ್ಲಿದ್ದದ್ದು 1592ರಿಂದ 1610ರವರೆಗೆ, ಹದಿನೆಂಟು ವರ್ಷ. ಸಂಬಳ ಸಾಲದೆ ತನ್ನ ಮನೆಯಲ್ಲೇ ವಿದ್ಯಾರ್ಥಿಗಳನ್ನು ಊಟ-ವಸತಿ ಕೊಟ್ಟು ಇಟ್ಟುಕೊಂಡಿದ್ದ. ಪಿ.ಜಿ. ನಡೆಸುತ್ತಿದ್ದ ಅಂತ ನೇರವಾಗಿ ಹೇಳಬಹುದು.

ಪಾದುವಾ ಹುಟ್ಟಿದ್ದೇ ಬೊಲೋನ್ಯಾ ಬಿಟ್ಟು ಬಂದ ಮೇಷ್ಟ್ರು-ವಿದ್ಯಾರ್ಥಿಗಳಿಂದ. ಬೊಲೋನ್ಯಾದಲ್ಲಿ ವಿಶ್ವವಿದ್ಯಾಲಯ ಅಂದರೆ ಮೊದಮೊದಲು ಕಟ್ಟಡ ಅಲ್ಲ, ವಿದ್ಯಾರ್ಥಿಗಳ ಒಂದು ಸಂಘ. ಪರವೂರಿನಿಂದ ಬಂದ ಹುಡುಗರು ಊರಿನವರ ಸುಲಿಗೆ ತಡೆಯಲು ಕಟ್ಟಿಕೊಂಡದ್ದು. ರೂಮಿನ ಬಾಡಿಗೆ ಎಷ್ಟಿರಬೇಕು ಅಂತ ಊರಿನವರ ಕಡೆಯಿಂದಲೂ ವಿದ್ಯಾರ್ಥಿಗಳ ಕಡೆಯಿಂದಲೂ ಜನ ಕೂತು ಗೊತ್ತು ಮಾಡುವ ಪದ್ಧತಿಯೂ ಬಂತು. ಸರಿಬರದಿದ್ದರೆ 'ನಾವು ಊರೇ ಬಿಟ್ಟು ಹೋಗ್ತೀವಿ' ಅನ್ನುವ ಬೆದರಿಕೆ ಅವರ ಕೈಯಲ್ಲಿತ್ತು. ಅಂದರೆ ಬಾಡಿಗೆಯ ತಕರಾರು ಈ ವಿಶ್ವವಿದ್ಯಾಲಯ ಅನ್ನುವ ವಸ್ತುವಿನಷ್ಟೇ ಹಳೆಯದು. 2023ರ ಮೇ ತಿಂಗಳಲ್ಲಿ ಮಿಲಾನಿನ ವಿದ್ಯಾರ್ಥಿನಿಯೊಬ್ಬಳು ಬಾಡಿಗೆ ಕೊಡಲಾಗದೆ ಪಾಲಿಟೆಕ್ನಿಕ್ ಎದುರಿಗೆ ಟೆಂಟ್ ಹಾಕಿ ಮಲಗಿದಳು. ಬೇರೆ ಊರುಗಳ ವಿಶ್ವವಿದ್ಯಾಲಯಗಳ ಮುಂದೆಯೂ ಟೆಂಟುಗಳು ಎದ್ದವು.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ಆ ಹಳೇ ಸಂಘಗಳು 'ನೇಶನ್'ಗಳಾಗಿ ಒಡೆದಿದ್ದವು. ಆಲ್ಪ್ಸ್ ಪರ್ವತದ ಈ ಕಡೆಯವರು, ಆ ಕಡೆಯವರು, ಅದರೊಳಗೆ ಮತ್ತೆ ಇಂಥಿಂಥ ಸೀಮೆಯವರು. ಎಲ್ಲಿ ಹುಟ್ಟಿದಿರಿ ಅನ್ನೋದರ ಮೇಲೆ ನಿಮ್ಮ ಗುಂಪು. ಪಾದುವಾದ ಆ ಎತ್ತಿನ ಕಟ್ಟಡದ ಗೋಡೆಗಳ ತುಂಬ ಅಂಥ ವಿದ್ಯಾರ್ಥಿಗಳ ಮನೆತನದ ಲಾಂಛನಗಳಿವೆ, ಹುಡುಗ ಫೋಟೋ ಕಳಿಸಿದ್ದಾನೆ. ನಮ್ಮಲ್ಲಿ? ಮೈಸೂರು ಸಂಸ್ಥಾನದಲ್ಲಿ ಹಳ್ಳಿಯ ಹುಡುಗರು ಪಟ್ಟಣದಲ್ಲಿ ಓದಲು ಸಾಧ್ಯವಾದದ್ದು ಬಹುಪಾಲು ಜಾತಿಯ ಹಾಸ್ಟೆಲುಗಳಿಂದ, ಮಠಗಳ ಪ್ರಸಾದನಿಲಯಗಳಿಂದ. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಸುತ್ತೂರು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದವರು ಎಷ್ಟು ಸಾವಿರವೋ. ಸರ್ಕಾರದ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲ್ಲೂಕು ತಾಲ್ಲೂಕಿಗೆ ಬಂದದ್ದು ಬಹಳ ತಡವಾಗಿ, ದೇವರಾಜ ಅರಸರ ಕಾಲಕ್ಕೆ. ಜಾತಿ ಹಾಸ್ಟೆಲ್ ಅಂದರೆ ಈಗ ನಮ್ಮ ಆಫೀಸಿನ ಹುಡುಗರು ಮೂಗು ಮುರೀತಾರೆ. ಅವರ ಅಜ್ಜಂದಿರು ಅದರಲ್ಲೇ ಉಂಡು ಓದಿರುತ್ತಾರೆ. ನನಗೂ ಇದರಲ್ಲಿ ಸರಿ ತಪ್ಪು ಬಿಡಿಸಲು ಬರುವುದಿಲ್ಲ. ಬಾಗಿಲೇ ಇಲ್ಲದಿದ್ದ ಕಾಲದಲ್ಲಿ ಅದೊಂದು ಬಾಗಿಲು. ಯಾರಿಗೆ ಮುಚ್ಚಿತ್ತು ಅಂತ ಕೇಳಿದರೆ ಅದೂ ನಿಜ.

ಇಷ್ಟು ಹೊತ್ತು ಬೇರೆಯವರ ಪುಸ್ತಕದಲ್ಲಿ ಬಿಟ್ಟು ಹೋದದ್ದನ್ನು ಹುಡುಕಿದ್ದಾಯಿತು. ಈಗ ನನ್ನದು.

2011ರಲ್ಲಿ ನಾನು 'ಟೆರೇಸ್ ಮೇಲಿನ ರೂಮು' ಅಂತ ಒಂದು ಲೇಖನ ಬರೆದಿದ್ದೆ. ಹಳೇ ಓದುಗರಿಗೆ ನೆನಪಿರಬಹುದು, ನಾನು ಬರೆದದ್ದರಲ್ಲಿ ಅತಿ ಹೆಚ್ಚು ಜನ ಹಂಚಿಕೊಂಡದ್ದು ಅದೇ. ಮೈಸೂರಿನಲ್ಲಿ ಬಿ.ಇ. ಓದುವಾಗ ಎರಡನೇ ವರ್ಷದಿಂದ ನಾನಿದ್ದ ರೂಮಿನ ಕಥೆ. ಒಂಬೈನೂರು ರೂಪಾಯಿ ಬಾಡಿಗೆ, ಶೀಟಿನ ಸೂರು, ಮಳೆ ಬಂದರೆ ಪಕ್ಕದವನ ಮಾತು ಕೇಳದಷ್ಟು ಸದ್ದು, ಕೈ ಚಾಚಿದರೆ ಸಿಗುವ ಸೀಬೆಮರ, ರಾತ್ರಿ ಬೆಟ್ಟದ ದೀಪದ ಸಾಲು. ಎಲ್ಲ ಇತ್ತು. ಕಿಟಕಿ, ಬೆಟ್ಟ, ಪ್ರಕಾರದ ಯಾವ ಸಾಮಾನೂ ಬಿಟ್ಟಿರಲಿಲ್ಲ.

ಬಿಟ್ಟದ್ದು ಇದು. ಆ ರೂಮು ನೋಡಲು ಹೋದವರು ಇಬ್ಬರು. ನಾನು, ಮತ್ತೆ ನನ್ನ ಕ್ಲಾಸಿನ ಒಬ್ಬ ಗೆಳೆಯ, ಕೊಳ್ಳೇಗಾಲದ ಕಡೆಯವನು. ಹಾಸ್ಟೆಲಿನಲ್ಲಿ ಮೊದಲ ವರ್ಷ ಒಂದೇ ರೂಮಿನಲ್ಲಿದ್ದವರು ನಾವು. ಮನೆ ಯಜಮಾನರು ನಿವೃತ್ತರು, ಬಹಳ ಮರ್ಯಾದಸ್ಥರು. ಕಾಫಿ ಕೊಟ್ಟರು. ಕುಡಿಯುತ್ತಿರುವಾಗ, "ಯಾವ ಕಡೆಯವರಪ್ಪ ನೀವು?" ಅಂದರು. ದೊಡ್ಡಬಳ್ಳಾಪುರ ಅಂದೆ. "ಅದಲ್ಲ, ಯಾವ ಪೈಕಿ?" ನಾನು ಹೇಳಿದೆ. ಅಷ್ಟು ಸಲೀಸಾಗಿ, ಪಿನ್ ಕೋಡ್ ಹೇಳಿದ ಹಾಗೆ ಹೇಳಿದೆ. ಅವನು "ಕೊಳ್ಳೇಗಾಲದ ಕಡೆ ಸಾರ್" ಅಂತ ಎರಡು ಸಲ ಹೇಳಿದ. ಅವರು ಮೂರನೇ ಸಲ ಕೇಳಲಿಲ್ಲ. ಮಾರನೇ ದಿನ ನನಗೆ ಫೋನ್ ಬಂತು: ರೂಮು ಚಿಕ್ಕದು, ಒಬ್ಬರಿಗಾದರೆ ಕೊಡುತ್ತೇವೆ.

ನಾನು ತಗೊಂಡೆ. ಅವನಿಗೆ 'ರೂಮು ಚಿಕ್ಕದಂತೆ ಕಣೋ' ಅಂದೆ. ಅವನು 'ಹೂಂ, ಚಿಕ್ಕದೇ' ಅಂದ. ಎರಡು ತಿಂಗಳಾದ ಮೇಲೆ ಅದೇ ರೂಮಿಗೆ ಇನ್ನೊಬ್ಬ ಹುಡುಗನನ್ನು ಯಜಮಾನರೇ ಹುಡುಕಿ ತಂದು ಸೇರಿಸಿದರು. ಮಳೆಯ ಸದ್ದಿನಲ್ಲಿ ಮಾತು ಕೇಳದ ಆ 'ಪಕ್ಕದವನು' ಇವನೇ. ಲೇಖನದಲ್ಲಿ ಅವನಿದ್ದಾನೆ. ಕೊಳ್ಳೇಗಾಲದವನಿಲ್ಲ.

ಬರೆಯುವಾಗ ಬೇಕಂತ ಬಿಟ್ಟೆನಾ? ಇಲ್ಲ. ಅದಕ್ಕೇ ಭಯ ಆಗೋದು. ನೆನಪೇ ಆಗಿರಲಿಲ್ಲ. ರೂಮಿನ ಕಥೆ ನನ್ನ ತಲೆಯಲ್ಲಿ ಶುರುವಾಗುತ್ತಿದ್ದದ್ದೇ ಬೀಗ ತೆಗೆದು ಒಳಗೆ ಕಾಲಿಟ್ಟ ಕ್ಷಣದಿಂದ. ಲೇಖನದ ಕೆಳಗೆ ನೂರಾರು ಮೆಚ್ಚುಗೆಯ ಮಾತುಗಳ ನಡುವೆ ಅವನದೂ ಒಂದು ಸಾಲು ಇತ್ತು: "ಒಳ್ಳೆ ರೂಮು. ನಾನೂ ಒಂದ್ಸಲ ನೋಡಿದ್ದೆ." ನಾನು ಅದಕ್ಕೆ ನಗುವ ಮುಖ ಹಾಕಿ ಉತ್ತರ ಕೊಟ್ಟಿದ್ದೇನೆ. ಈಗ ಹೋಗಿ ನೋಡಿದೆ, ಹಾಗೇ ಇದೆ.

ಹಾಗಾಗಿ ದೊಡ್ಡವರ ಆತ್ಮಕಥೆಗಳ ಬಗ್ಗೆ ಮೇಲೆ ನಾನು ಹೇಳಿದ ಮಾತುಗಳನ್ನು ಸ್ವಲ್ಪ ಕಳೆದು ಓದಿಕೊಳ್ಳಿ. ಅವರು ನನಗಿಂತ ಎಷ್ಟೋ ಹೆಚ್ಚು ಬರೆದಿದ್ದಾರೆ.

ತಂಗಿಯ ಪ್ರಶ್ನೆ ಇನ್ನೂ ಹಾಗೇ ಇದೆ. 'ನಾನು ಎಲ್ಲಿರಬೇಕು?' ನಾನು ಮೊದಲು ಅದನ್ನು 'ಸ್ಫೂರ್ತಿ ಎಲ್ಲಿದೆ' ಅನ್ನೋ ಅರ್ಥದಲ್ಲಿ ತಗೊಂಡು ತ್ರಿವೇಣಿಯವರ ಹೆಸರು ಹೇಳಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಕಾದಂಬರಿ ಬರೆದವರು. "ಅವ್ರ ಮನೆ ಎಲ್ಲಿತ್ತಣ್ಣ?" ಅಂದಳು. ಮೈಸೂರಿನಲ್ಲೇ. "ನೋಡ್ದಾ" ಅಂದಳು. ಅಷ್ಟೇ. ಆಮೇಲೆ ನಾನೇ ಹುಡುಕುತ್ತಾ ಹೋದೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಹೊತ್ತು ಕಂತುವ ಮುನ್ನ'ದಲ್ಲಿ ಓದು ಹೈಸ್ಕೂಲಿಗೇ ನಿಲ್ಲುತ್ತೆ, ಮುಂದಕ್ಕೆ ಮದುವೆ. ವಿಜಯಾ ಅವರ 'ಕುದಿ ಎಸರು'ವಿನಲ್ಲಿ ಓದು ಮುಂದುವರಿಯುತ್ತೆ, ಆದರೆ ಮದುವೆಯಾದ ಮನೆಯ ಹಿಂಸೆಯ ನಡುವೆ. ಆ ಪುಸ್ತಕಕ್ಕೆ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡೂ ಗಟ್ಟಿ ಪುಸ್ತಕಗಳು, ಓದದವರು ಓದಿ. ಆದರೆ ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ವಿಶ್ವವಿದ್ಯಾಲಯದ ಊರಿನಲ್ಲಿ ರೂಮು ಹಿಡಿದು, ದೋಸೆ ತಿಂದು, ಸಂಜೆ ಕೆರೆ ಏರಿ ಮೇಲೆ ಸುಮ್ಮನೆ ಕಾಲು ಬೀಸಿ ನಡೆದ ಪುಸ್ತಕ ನನ್ನ ಕಪಾಟಿನಲ್ಲಿ ಇರಲಿಲ್ಲ. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಶಾಲೆ ಶುರುವಾದದ್ದು 1881ರಲ್ಲಿ. ಅಷ್ಟು ಹಳೆಯ ಊರು.

ಪಾದುವಾದಲ್ಲೂ ಹೀಗೇ ಒಂದು ಕಥೆ. ಜಗತ್ತಿನಲ್ಲಿ ಮೊದಲು ಡಾಕ್ಟರೇಟ್ ಪಡೆದ ಹೆಂಗಸು ಅಂತ ಹೆಸರಾದ ಎಲೆನಾ ಕೊರ್ನಾರೋಗೆ ಆ ಪದವಿ ಸಿಕ್ಕಿದ್ದು ಅಲ್ಲೇ, 1678ರಲ್ಲಿ. ದೇವತಾಶಾಸ್ತ್ರದಲ್ಲಿ ಕೊಡಲು ಬಿಷಪ್ಪರು ಒಪ್ಪದೆ ತತ್ವಶಾಸ್ತ್ರದಲ್ಲಿ ಕೊಟ್ಟರು. ಆ ಎತ್ತಿನ ಕಟ್ಟಡದಲ್ಲಿ ಅವಳ ಪ್ರತಿಮೆ ಇದೆ. ಆದರೆ ಅವಳು ಪಾದುವಾದ ಬೀದಿ ತಿರುಗಿ ಓದಿದವಳಲ್ಲ. ವೆನಿಸಿನ ದೊಡ್ಡ ಮನೆತನದವಳು, ಮೇಷ್ಟ್ರುಗಳನ್ನು ಮನೆಗೇ ಕರೆಸಿ ಓದಿಸಿದರು. ಹುಡುಗನಿಗೆ ಹೇಳಿ ಪ್ರತಿಮೆಯ ಫೋಟೋ ತರಿಸಿ ತಂಗಿಗೆ ಕಳಿಸಿದೆ. "ಕಲ್ಲಲ್ಲಿ ಮಾಡಿ ಕೂರ್ಸಿದ್ರೆ ಬಾಡ್ಗೆ ಕೇಳಲ್ಲ" ಅಂತ ಬಂತು ಉತ್ತರ.

ಅವಳ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. 'ಭಿತ್ತಿ'ಯ ವಾರಾನ್ನದ ಬಗ್ಗೆ ನಾನು ಜಾತಿ, ಬಾಗಿಲು ಅಂತೆಲ್ಲ ಉಪನ್ಯಾಸ ಕೊಟ್ಟೆನಲ್ಲ, ಕೇಳಿಸಿಕೊಂಡು, "ಆ ಏಳು ಮನೇಲೂ ಬಡಿಸ್ತಾ ಇದ್ದೋರು ಯಾರಣ್ಣ? ಆ ಮನೇಲಿ ಹುಡುಗೀರಿದ್ರೆ ಅವ್ರೂ ಓದ್ತಿದ್ರಾ, ಇಲ್ಲಾ ಹುಡುಗ್ರು ಉಂಡ ಎಲೆ ಎತ್ತುತಿದ್ರಾ?" ಅಂದಳು. ಇಪ್ಪತ್ತು ವರ್ಷದಿಂದ ಆ ಪುಸ್ತಕ ನನ್ನ ಹತ್ತಿರ ಇದೆ. ಒಂದು ಸಲವೂ ನನಗೆ ಇದು ಹೊಳೆದಿರಲಿಲ್ಲ.

ಕೊನೆಗೆ ಚಿಕ್ಕಪ್ಪ ಒಪ್ಪಿದರು. ಒಪ್ಪಿದ್ದಕ್ಕೆ ಪುಸ್ತಕ ಕಾರಣವಲ್ಲ. ಚಿಕ್ಕಮ್ಮ ಎರಡು ದಿನ ಒಲೆ ಹಚ್ಚದೆ ಮಲಗಿದ್ದು ಕಾರಣ. ನಾವು ಮ ೂವರೂ ಮೈಸೂರಿಗೆ ಹೋದೆವು. ವಿಶ್ವವಿದ್ಯಾಲಯದ ಹಾಸ್ಟೆಲಿನ ಪಟ್ಟಿ ಬರುವುದು ತಡ, ಅಲ್ಲಿಯವರೆಗೆ ಪಿ.ಜಿ. ಹುಡುಕಬೇಕು. ನಾಲ್ಕನೆಯದು ಪರವಾಗಿಲ್ಲ ಅನ್ನಿಸಿತು. ಒಂದು ಕೋಣೆಗೆ ನಾಲ್ಕು ಮಂಚ. ಯಜಮಾನರು ನಿಯಮ ಹೇಳಿದರು: ರಾತ್ರಿ ಎಂಟಕ್ಕೆ ಗೇಟು ಹಾಕುತ್ತೇವೆ, ಪ್ಯಾಸೇಜಿನಲ್ಲಿ ಕ್ಯಾಮೆರಾ ಇದೆ, ತಡವಾದರೆ ಅಪ್ಪನಿಗೆ ಫೋನ್ ಬರುತ್ತೆ. ಕ್ಯಾಮೆರಾ ಅಂದದ್ದು ಕೇಳಿ ಚಿಕ್ಕಪ್ಪನ ಮುಖ ಅರಳಿತು. "ಲ್ಯಾಬ್ ಮುಗಿಯೋದು ಲೇಟಾದ್ರೆ ಅಂಕಲ್?" ಅಂದಳು ಇವಳು. "ಲೇಟಾಗೋ ಲ್ಯಾಬ್ ತಗೋಬೇಡಮ್ಮ" ಅಂದರು. ಕುಕ್ಕರಹಳ್ಳಿ ಕೆರೆಯ ಸಂಜೆಗಳ ಬಗ್ಗೆ ಕನ್ನಡದಲ್ಲಿ ಎಷ್ಟು ಪುಟ ಇದೆಯೋ ಅಷ್ಟೂ ನನ್ನ ಕಣ್ಣ ಮುಂದೆ ಬಂತು.

ಅಡ್ವಾನ್ಸ್ ಎಣಿಸುವಾಗ ಅವರು ಚಿಕ್ಕಪ್ಪನ ಕಡೆ ತಿರುಗಿ, ಮೆಲ್ಲಗೆ, "ತಾವು ಯಾವ ಪೈಕಿ?" ಅಂದರು. ನಾನು ಏನಾದರೂ ಹೇಳಬೇಕಿತ್ತು. ಇಷ್ಟೆಲ್ಲ ಯೋಚನೆ ಮಾಡಿದವನು, ಈ ಲೇಖನದ ಅರ್ಧ ಆಗಲೇ ತಲೆಯಲ್ಲಿ ಬರೆದುಕೊಂಡಿದ್ದವನು, ನೋಟು ಎಣಿಸುತ್ತಾ ನಿಂತಿದ್ದೆ. ಚಿಕ್ಕಪ್ಪ ಹೇಳಿದರು. ಯಜಮಾನರು "ಹಂಗಾದ್ರೆ ಸರಿ" ಅಂದು ರಸೀದಿ ಬರೆದರು.

ವಾಪಸ್ ಬರುವಾಗ ಬಿಡದಿ ದಾಟುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ, "ನೀನು ಇದ್ನ ಬರೀತೀಯ ಅಲ್ವಾ?" ಅಂದಳು. ಗೊತ್ತಿಲ್ಲ ಅಂದೆ. "ಬರುದ್ರೆ ಅಪ್ಪ ಹೇಳಿದ್ದೂ ಬರಿ. ನೀನು ದುಡ್ಡು ಎಣಿಸ್ತಾ ಇದ್ದಿದ್ದೂ ಬರಿ."

ಈಗ ಅವಳು ಅಲ್ಲಿಗೆ ಹೋಗಿ ನಾಲ್ಕು ತಿಂಗಳಾಯಿತು. ಹಾಸ್ಟೆಲಿನ ಎರಡನೇ ಪಟ್ಟಿಗೆ ಕಾಯುತ್ತಿದ್ದಾಳೆ. ಅವಳ ಮಂಚ ಬಾಗಿಲ ಪಕ್ಕದ್ದು, ಕಿಟಕಿ ಇರೋದು ಆ ಕಡೆಯ ಗೋಡೆಗೆ. ಕಿಟಕಿಯಿಂದ ಪಕ್ಕದ ಮನೆಯ ನೀರಿನ ಟ್ಯಾಂಕ್ ಕಾಣುತ್ತಂತೆ. ಹೋಗುವಾಗ 'ಊರುಕೇರಿ' ಒಂದನ್ನು ಬ್ಯಾಗಿಗೆ ಹಾಕಿಕೊಂಡಳು. ಉಳಿದೆರಡು ನನ್ನ ಕಪಾಟಿಗೆ ವಾಪಸ್ ಬಂದಿವೆ.